ಹನ್ನೊಂದು ತಾಸಿನ ಪಠ್ಯಕ್ರಮ

ಹೆಂಡತಿ ಯಾರೆಂದು ಗಂಡನಿಗೆ ಕಲಿಸಲು ಎಷ್ಟು ತಾಸು ಬೇಕು? ಪರದೆಯ ಮೇಲೆ ತೆರೆದಿದ್ದ ನಮೂನೆಯಲ್ಲಿ 'ಬೋಧನಾ ಅವಧಿ' ಎಂಬ ಚೌಕ ಖಾಲಿಯಿತ್ತು. ನೀಲಾಂಬಿಕಾ ಮುಕ್ಕಾಲು ತಾಸಿನಿಂದ ಅದರ ಮುಂದೆ ಕೂತಿದ್ದಳು. ಬೆಣ್ಣಿಹಳ್ಳ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕಿಯಾಗಿ ಇಪ್ಪತ್ತಾರು ವರ್ಷಗಳಲ್ಲಿ ಹದಿನಾಲ್ಕು ಪಠ್ಯಕ್ರಮ ಬರೆದವಳು ಅವಳು. ಪಾಚಿಗೆ ಎಂಟು ತಾಸು, ಶಿಲೀಂಧ್ರಕ್ಕೆ ಹತ್ತು, ಹೂಬಿಡುವ ಸಸ್ಯಗಳಿಗೆ ಹದಿನಾರು ಎಂದು ಚಾ ಕುಡಿಯುತ್ತಲೇ ಹಂಚಿಬಿಡುತ್ತಿದ್ದಳು. ಇವತ್ತು ಕೈ ಓಡುತ್ತಿರಲಿಲ್ಲ. ಹದಿನೈದನೆಯ ಈ ಪಠ್ಯಕ್ರಮಕ್ಕೆ ವಿದ್ಯಾರ್ಥಿ ಒಬ್ಬನೇ, ಅವಳ ಗಂಡ ಗುರುಸಿದ್ದಪ್ಪ. ಅವಳು ಯಾರೆಂಬುದನ್ನು ಅವನು ಮರೆತು ಹದಿನೆಂಟು ದಿನವಾಗಿತ್ತು. ಇನ್ನು ಮೂರು ದಿನದೊಳಗೆ ಇದನ್ನು ಮುಗಿಸಿ ಯಂತ್ರಕ್ಕೆ ಕೊಡದಿದ್ದರೆ ಅವನ ಪಾಲಿಗೆ ಅವಳು ಕೊನೆಯವರೆಗೂ ಪರರ ಮನೆಯ ಹೆಂಗಸು.

ಇಷ್ಟಕ್ಕೆಲ್ಲ ಕಾರಣ ಹದಿನಾಲ್ಕನೆಯ ಪಠ್ಯಕ್ರಮ. ಅದನ್ನು ಬರೆದವಳೂ ಅವಳೇ.

ಆ ವರ್ಷ ವಿಶ್ವವಿದ್ಯಾಲಯಕ್ಕೆ ಅಚ್ಚಿನ ಕುರ್ಚಿ ಬಂದಿತ್ತು. ಕಾಗದಪತ್ರಗಳಲ್ಲಿ ಅದರ ಹೆಸರು ಸ್ಮೃತಿಲೇಖನ ಯಂತ್ರ. ಹುಡುಗರ ಬಾಯಲ್ಲಿ ಬರೀ ಕುರ್ಚಿ. ವಿದ್ಯಾರ್ಥಿ ತಲೆಗೆ ಟೊಪ್ಪಿಗೆ ಹಾಕಿಕೊಂಡು ಅದರಲ್ಲಿ ಒರಗಬೇಕು. ಯಂತ್ರ ಪಠ್ಯಕ್ರಮವನ್ನು ಸಾಲು ಸಾಲಾಗಿ ಓದಿ, ಗ್ರಂಥಾಲಯದಿಂದ ಬೇಕಾದ ಸಾಮಗ್ರಿ ಎತ್ತಿಕೊಂಡು, ಅದನ್ನು ನೇರವಾಗಿ ಮಿದುಳಿನ ನರಕೋಶಗಳ ಕೊಂಡಿಗಳಲ್ಲಿ ಅಚ್ಚೊತ್ತುತ್ತದೆ. ಹಾಗೆ ಕಲಿತದ್ದು ಓದಿ ತಿಳಿದಂತೆ ಇರುವುದಿಲ್ಲ, ಸ್ವತಃ ಕಂಡು ಬದುಕಿದಂತೆ ಇರುತ್ತದೆ. ಅರವತ್ನಾಲ್ಕು ತಾಸಿನಲ್ಲಿ ಒಂದು ಸೆಮಿಸ್ಟರ್ ಮುಗಿಯಿತು. ಪಾಠ ಮಾಡುವ ಕೆಲಸವೇ ಇಲ್ಲದ ಮೇಲೆ ಪ್ರಾಧ್ಯಾಪಕರಿಗೆ ಉಳಿದದ್ದು ಪಠ್ಯಕ್ರಮ ಬರೆಯುವುದೊಂದೇ.

ಆದರೆ ಪಠ್ಯಕ್ರಮ ಬರೆಯುವ ನಮ್ಮ ರೀತಿ ಎಲ್ಲರಿಗೂ ಗೊತ್ತಿರುವುದೇ. ಹಳೆಯದನ್ನು ತೆರೆಯುವುದು, ವರ್ಷ ತಿದ್ದುವುದು, ಎರಡನೆಯ ಘಟಕವನ್ನು ನಾಲ್ಕನೆಯದು ಮಾಡುವುದು, ಕಷ್ಟವೆಂದು ಹುಡುಗರು ಅಳುವ ಘಟಕವನ್ನು ಸದ್ದಿಲ್ಲದೆ ಕೈಬಿಟ್ಟು ಪಾಸಾಗುವವರ ಪ್ರಮಾಣ ಏರಿಸುವುದು. ಕೊನೆಯಲ್ಲಿರುವ ಪರಾಮರ್ಶನ ಗ್ರಂಥಗಳ ಪಟ್ಟಿಯನ್ನಂತೂ ಯಾರೂ ಮುಟ್ಟುವುದಿಲ್ಲ. ಅದರಲ್ಲಿ ಮಂಡಳಿಯ ಸದಸ್ಯರ ಪುಸ್ತಕಗಳಿರುತ್ತವೆ, ಸದಸ್ಯರ ಗುರುಗಳ ಪುಸ್ತಕಗಳಿರುತ್ತವೆ, ಗುರುಗಳ ಅಳಿಯಂದಿರದೂ ಇರುತ್ತವೆ. ಒಂದನ್ನು ತೆಗೆದರೆ ಒಬ್ಬರು ಮಾತು ಬಿಡುತ್ತಾರೆ. ಪಟ್ಟಿ ವರ್ಷದಿಂದ ವರ್ಷಕ್ಕೆ ಬೆಳೆದು ಮೂವತ್ತೊಂದಕ್ಕೆ ಮುಟ್ಟಿತ್ತು. ಅಧ್ಯಯನ ಮಂಡಳಿಯ ಸಭೆಯಲ್ಲಿ ಗಿರಮಿಟ್ ತಿನ್ನುತ್ತ ಹಿರಿಯರಾದ ಹೊಸಮನಿಯವರು, "ಪಟ್ಟಿ ಇದ್ದಂಗ ಇರಲಿ ಬಿಡ್ರಿ, ಯಾರ್ ಓದ್ತಾರ ಅದನ್ನ" ಎಂದಿದ್ದರು. ಅಧ್ಯಕ್ಷೆಯಾಗಿ ನೀಲಾಂಬಿಕಾ ನಕ್ಕು ಸಹಿ ಹಾಕಿದ್ದಳು.

ಕುರ್ಚಿ ಓದಿತು. ಘಟಕ ಯಾವುದು, ಪಟ್ಟಿ ಯಾವುದು ಎಂಬ ಭೇದ ಅದಕ್ಕಿರಲಿಲ್ಲ. ಘಟಕಗಳ ಮುಂದೆ ತಾಸು ನಮೂದಾಗಿತ್ತು, ಪುಸ್ತಕಗಳ ಮುಂದೆ ಏನೂ ಇರಲಿಲ್ಲ. ಖಾಲಿ ಬಿಟ್ಟರೆ ಮಿತಿಯಿಲ್ಲವೆಂದು ಅರ್ಥಮಾಡಿಕೊಂಡ ಯಂತ್ರ, ಮೂವತ್ತೊಂದು ಪುಸ್ತಕಗಳನ್ನೂ ಅಕ್ಷರ ಬಿಡದೆ ಹನ್ನೆರಡು ವಿದ್ಯಾರ್ಥಿಗಳ ತಲೆಗೆ ತುಂಬಿತು. ತಲೆಯಲ್ಲಿ ಜಾಗ ಸಾಲದಾದಾಗ ಮೊದಲೇ ಇದ್ದದ್ದು ಅಳಿಸಿಹೋಯಿತು. ಹನ್ನೊಂದು ಮಂದಿ ಇಪ್ಪತ್ತರ ಆಸುಪಾಸಿನವರು, ಅವರಲ್ಲಿ ಇನ್ನೂ ಜಾಗವಿತ್ತು. ಒಬ್ಬ ಈಜು ಮರೆತ, ಒಬ್ಬಳು ರೊಟ್ಟಿ ತಟ್ಟುವುದನ್ನು ಮರೆತಳು. ಹನ್ನೆರಡನೆಯವನು ಗುರುಸಿದ್ದಪ್ಪ, ವಯಸ್ಸು ಐವತ್ತೆರಡು. ಪ್ರವೇಶಕ್ಕೆ ಇದ್ದ ವಯೋಮಿತಿಯನ್ನು ಸಡಿಲಿಸಿದ ಪತ್ರಕ್ಕೂ ನೀಲಾಂಬಿಕಾಳದೇ ಸಹಿ.

ಅವನು ಸಾರಿಗೆ ಬಸ್ಸಿನ ನಿರ್ವಾಹಕನಾಗಿದ್ದವನು. ಕಾಲೇಜಿನ ಮೆಟ್ಟಿಲು ಹತ್ತಬೇಕೆಂಬ ಆಸೆ ಇಪ್ಪತ್ತರಲ್ಲೇ ಕೈತಪ್ಪಿತ್ತು. "ನೀ ಪಾಠಾ ಮಾಡೂದನ್ನ ಒಮ್ಮೆರ ಬೆಂಚಿನ ಮ್ಯಾಲೆ ಕುಂತು ಕೇಳಬೇಕಂತಿದ್ದೆ. ಈಗ ನೀನೂ ಪಾಠಾ ಮಾಡಂಗಿಲ್ಲ, ಬೆಂಚೂ ಇಲ್ಲ" ಎಂದು ನಗುತ್ತಲೇ ಅರ್ಜಿ ತುಂಬಿದ್ದ. ಕುರ್ಚಿಯಿಂದ ಎದ್ದಾಗ ಅವನಿಗೆ ಮೂವತ್ತೊಂದು ಪುಸ್ತಕಗಳು ಬಾಯಿಪಾಠವಾಗಿದ್ದವು. ಇಪ್ಪತ್ತೆರಡನೆಯ ವಯಸ್ಸಿನಿಂದ ಈಚಿನ ಬದುಕು ಅಷ್ಟೂ ಇರಲಿಲ್ಲ.

ಯಂತ್ರದ ಕೋಣೆಯನ್ನು ನೋಡಿಕೊಳ್ಳುತ್ತಿದ್ದ ಇಂಜಿನಿಯರ್ ನಸೀಮಾ ಮುಲ್ಲಾ ಇನ್ನೂ ಮೂವತ್ತು ದಾಟದವಳು. ಘಟನೆಯಾದ ದಿನದಿಂದ ಅವಳ ಮುಖದಲ್ಲೂ ರಕ್ತವಿರಲಿಲ್ಲ. ಮೊದಲ ವಾರ ನೀಲಾಂಬಿಕಾ ಅವಳ ಮುಂದೆ ಕೂತು ಕೇಳಿದ್ದು ಒಂದೇ ಮಾತು: ತುಂಬಿದ್ದನ್ನು ತೆಗೆದುಬಿಡಿ.

"ಆಗಂಗಿಲ್ಲರಿ ಮೇಡಂ. ಕಲಸಿದ ಹಿಟ್ಟಿನಾಗಿಂದ ಉಪ್ಪು ತಗಿ ಅಂದಂಗ ಆಗ್ತೈತಿ. ತಗ್ಯಾಕ ಹೋದ್ರ ಉಳದದ್ದೂ ಬರ್ತೈತಿ" ಎಂದಳು ನಸೀಮಾ. "ಒಂದ ದಾರಿ ಐತಿ. ಅಚ್ಚು ಗಟ್ಟಿ ಆಗಾಕ ಇಪ್ಪತ್ತೊಂದು ದಿನಾ ಬೇಕು. ಅಲ್ಲೀತನಾ ಹಸೀನ ಇರ್ತೈತಿ. ಅದರಾಗ ಅಲ್ಲಲ್ಲಿ ಸಂದು ಅದಾವು. ಲೆಕ್ಕಾ ಹಾಕೇನಿ, ಎಲ್ಲಾ ಕೂಡಿ ಹನ್ನೊಂದು ತಾಸಿನ ಜಾಗ. ನಿಮ್ಮ ತಲಿಯಾಗಿನ ನೆನಪಿನ ನಕಲು ಎತ್ತಿ, ಅವರು ಕಂಡಂಗ ದಿಕ್ಕು ತಿರುಗಿಸಿ, ಅವರ ತಲಿಯಾಗ ಬರೀಬಹುದು. ಆದ್ರ ಯಂತ್ರಕ್ಕ ಪಠ್ಯಕ್ರಮ ಇಲ್ದ ಏನೂ ತಿಳಿಯಂಗಿಲ್ಲ. ಘಟಕ, ತಾಸು, ಫಲಿತಾಂಶ ಎಲ್ಲಾ ನೀವ ಬರದು ಕೊಡಬೇಕು."

"ಹನ್ನೊಂದು ದಾಟಿದ್ರ?"

"ಇರೂದು ಹೋಗ್ತೈತ್ರಿ. ಅವರ ಅವ್ವ, ಅವರ ಊರು, ಮಾತಾಡೂದು. ಯಾವುದು ಹೋಗ್ತೈತಿ ಅಂತ ನನ್ನ ಕೈಯಾಗಿಲ್ಲ."

"ನಾನ ಬಾಯಿಲೆ ಹೇಳಿ ಕಲಿಸಿದ್ರ ಆಗಂಗಿಲ್ಲೇನು? ಇಪ್ಪತ್ತಾರು ವರ್ಷ ಅದನ್ನ ಮಾಡೇನಲ್ಲ."

ನಸೀಮಾ ತಲೆ ತಗ್ಗಿಸಿದಳು. "ಹೇಳಿದ್ರ ಸುದ್ದಿ ತಿಳಿದಂಗ ತಿಳೀತೈತ್ರಿ ಅವರಿಗೆ. ನೆನಪಾಗಂಗಿಲ್ಲ."

ಆದರೂ ನೀಲಾಂಬಿಕಾ ಮನೆಯಲ್ಲಿ ಪ್ರಯತ್ನ ಮಾಡದೆ ಇರಲಿಲ್ಲ. ಗುರುಸಿದ್ದಪ್ಪ ತನ್ನದೇ ಮನೆಯ ಪಡಸಾಲೆಯಲ್ಲಿ ಕುರ್ಚಿಯ ಅಂಚಿಗೆ ಕೂತಿರುತ್ತಿದ್ದ. ನೀರು ಬೇಕಾದರೆ ಕೇಳಿ ಕುಡಿಯುತ್ತಿದ್ದ. ಊಟಕ್ಕೆ ಕರೆದರೆ, ಯಾಕ ತ್ರಾಸ ತಗೋತೀರಿ ಮೇಡಂ ಎನ್ನುತ್ತಿದ್ದ. ಅವಳು ಪಲ್ಯಕ್ಕೆ ನುಗ್ಗೆ ಸೊಪ್ಪು ಬಿಡಿಸುತ್ತಿದ್ದರೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ಅದರ ಕುಲ, ಎಲೆಯ ಜೋಡಣೆ, ಬೀಜದ ರೆಕ್ಕೆಗಳನ್ನು ಯಾರೋ ಸತ್ತು ನಲವತ್ತು ವರ್ಷವಾದ ಲೇಖಕರ ಮಾತಿನಲ್ಲಿ ಒಪ್ಪಿಸುತ್ತಿದ್ದ. ಒಂದು ಮಧ್ಯಾಹ್ನ ಬಹಳ ಹೊತ್ತು ಸಂಕೋಚಪಟ್ಟುಕೊಂಡು ಕೇಳಿದ:

"ನಿಮ್ಮ ಮನಿಯವ್ರು ಯಾವಾಗ ಬರ್ತಾರರಿ ಮೇಡಂ? ನಾ ಇಲ್ಲಿ ಇರೂದು ಅವರಿಗೆ ಸರಿ ಅನಸಲಿಕ್ಕಿಲ್ಲ."

"ನೀವ ನಮ್ಮ ಮನಿಯವ್ರು" ಎಂದಳು ನೀಲಾಂಬಿಕಾ. ಮದುವೆಯ ಫೋಟೋ ತಂದು ತೋರಿಸಿದಳು. ಅವನು ಅದನ್ನು ನೋಡಿ, ತನ್ನ ಮುಖ ಗುರುತಿಸಿ, ಹೌದೆಂದು ತಲೆಯಾಡಿಸಿದ. ವ್ಯಾಖ್ಯೆಯೊಂದನ್ನು ಒಪ್ಪಿಕೊಂಡ ವಿದ್ಯಾರ್ಥಿಯ ತಲೆಯಾಟ ಅದು. ರಾತ್ರಿ ಹಾಸಿಗೆಯನ್ನು ಮಾತ್ರ ಪಡಸಾಲೆಯಲ್ಲೇ ಹಾಸಿಕೊಂಡ. ಬಾಯಿಂದ ಹೇಳಿದ್ದು ಏನಾಗುತ್ತದೆ ಎಂಬುದು ಅವಳಿಗೆ ಅಂದು ಖಚಿತವಾಯಿತು. ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಹೀಗೆ ಬರೆಯಲು ಕೂತ ಪಠ್ಯಕ್ರಮ ಅದು. ಮೊದಲ ಕರಡು ಮೂವತ್ತೆಂಟು ತಾಸಿನದಾಯಿತು. ಅಣ್ಣಿಗೇರಿ ದಾಟಿದ ಮೇಲೆ ರಸ್ತೆ ಬದಿಯಲ್ಲಿ ಕಂಡ ಒಂದು ಗಿಡಕ್ಕಾಗಿ ಎಂ.ಎಸ್ಸಿ. ಓದುವ ಹುಡುಗಿ ಕೂಗಿಕೊಂಡದ್ದು, ನಿರ್ವಾಹಕ ಸೀಟಿ ಊದಿ ಬಸ್ಸು ನಿಲ್ಲಿಸಿದ್ದು, ಅವಳು ಗಿಡ ಕಿತ್ತು ತರುವವರೆಗೆ ಇಡೀ ಬಸ್ಸು ಅವನನ್ನು ಬೈದದ್ದು. ಅವಳ ಅಪ್ಪ ಎರಡು ವರ್ಷ ಮಾತು ಬಿಟ್ಟದ್ದು. ಮದುವೆ. ಅತ್ತೆ ಅವಳಿಗೆ ಎಣ್ಣೆಗಾಯಿ ಕಲಿಸಿದ್ದು, ಅವಳು ಮೂರು ಸಲ ಕೆಡಿಸಿದ್ದು. ಇಬ್ಬರೂ ಜಗಳವಾಡಿ ಒಂದು ತಿಂಗಳು ಚೀಟಿ ಬರೆದು ಮಾತಾಡಿದ್ದು. ಬರೆಯುತ್ತ ಹೋದಂತೆ ನೀಲಾಂಬಿಕಾಗೆ ಒಂದು ಕ್ಷಣ ಸುಖವೇ ಎನ್ನಿಸಿತ್ತು. ಆಮೇಲೆ ಮೊತ್ತ ನೋಡಿದಳು. ಇಪ್ಪತ್ತೇಳು ತಾಸನ್ನು ಕಡಿಯಬೇಕಿತ್ತು.

ಕಡಿದಳು. ಅಪ್ಪನ ಮುನಿಸು ಹೋಯಿತು, ಎಣ್ಣೆಗಾಯಿ ಹೋಯಿತು, ಚೀಟಿಗಳು ಹೋದವು, ನಾಲ್ಕು ಬಾಡಿಗೆ ಮನೆಗಳು ಒಂದು ಸಾಲಾದವು. ಪ್ರತಿ ಘಟಕದ ಕೆಳಗೆ ನಿಯಮದ ಪ್ರಕಾರ ಕಲಿಕೆಯ ಫಲಿತಾಂಶ ಬರೆಯಲೇಬೇಕು. 'ಈ ಘಟಕದ ಕೊನೆಯಲ್ಲಿ ವಿದ್ಯಾರ್ಥಿಯು ತನ್ನ ಪತ್ನಿಯನ್ನು ಗುರುತಿಸುವನು' ಎಂದು ಬರೆದಳು. 'ಪತ್ನಿಯನ್ನು ನೀಲಾ ಎಂದು ಕರೆಯುವನು.' ಇಂಥ ವಾಕ್ಯವನ್ನು ಬರೆಯಬೇಕಾಗಿ ಬಂದ ಹೆಂಗಸು ಜಗತ್ತಿನಲ್ಲಿ ತಾನೊಬ್ಬಳೇ ಇರಬೇಕೆಂದು ಅವಳಿಗೆ ಅನ್ನಿಸಿತು. ಅಳಲು ಹೊತ್ತಿರಲಿಲ್ಲ.

ಮತ್ತೆ ನಂದಾಳ ಘಟಕ.

ನಂದಾ, ಅಂದರೆ ಮಹಾನಂದಾ, ಈ ದಂಪತಿಗಳ ಒಬ್ಬಳೇ ಮಗಳು. ಒಂಬತ್ತು ವರ್ಷದ ಹಿಂದೆ, ಏಳು ತುಂಬಿ ಎರಡು ತಿಂಗಳಾದಾಗ, ಡೆಂಗಿ ಜ್ವರದಲ್ಲಿ ತೀರಿಕೊಂಡಿದ್ದಳು. ಅಂದು ಗುರುಸಿದ್ದಪ್ಪ ವಿಜಯಪುರದ ಬಸ್ಸಿನಲ್ಲಿದ್ದ. ಫೋನು ಚೀಲದಲ್ಲಿ ಸದ್ದಿಲ್ಲದೆ ಬಿದ್ದಿತ್ತು. ಹುಡುಗಿ ಬೆಳಗಿನಿಂದ ಅಪ್ಪಾ ಯಾವಾಗ ಬರ್ತಾನ ಎಂದು ಕೇಳುತ್ತಲೇ ಇದ್ದಳು. ಅವನು ಬಂದಾಗ ಕೇಳುವವಳು ಇರಲಿಲ್ಲ. ಮರುದಿನವೇ ನೌಕರಿ ಬಿಟ್ಟ. ಆ ಮೇಲೆ ಅವನು ಬಸ್ಸು ಹತ್ತಲೇ ಇಲ್ಲ, ಮಗಳ ಹೆಸರನ್ನು ಬಾಯಿಬಿಟ್ಟು ಅನ್ನಲೂ ಇಲ್ಲ. ವರ್ಷಕ್ಕೊಂದು ದಿನ ಇಬ್ಬರೂ ಮಗಳ ಸಮಾಧಿಗೆ ಹೋಗಿ ಹೂವಿಟ್ಟು, ಅರ್ಧ ತಾಸು ಪಕ್ಕಪಕ್ಕದಲ್ಲಿ ಕೂತು, ಮಾತಿಲ್ಲದೆ ವಾಪಸಾಗುತ್ತಿದ್ದರು. ದುಃಖದಲ್ಲಿ ಅವನ ಕೂದಲು ಒಂದೇ ವರ್ಷದಲ್ಲಿ ಬೆಳ್ಳಗಾಗಿತ್ತು.

ಇಪ್ಪತ್ತನೆಯ ದಿನ ಮುಂಜಾನೆ ನಸೀಮಾ ಪಠ್ಯಕ್ರಮವನ್ನು ಯಂತ್ರಕ್ಕೆ ತೋರಿಸಿ ಅಳೆದಳು. "ನಂದಾಳ ಘಟಕಕ್ಕ ಐದು ತಾಸು ಬೇಕರಿ. ಇದನ್ನ ಒಡಿಯಾಕ ಬರಂಗಿಲ್ಲ, ಹುಟ್ಟಿದ್ದು ಬರದ್ರ ಹೋದದ್ದೂ ಬರತೈತಿ. ಉಳದದ್ದಕ್ಕ ಆರು. ಹನ್ನೊಂದಕ್ಕ ಹನ್ನೊಂದು, ಬರೋಬ್ಬರಿ ಕುಂತೈತ್ರಿ ಮೇಡಂ."

ಬರೋಬ್ಬರಿ ಕೂತಿತ್ತು. ಈ ಮಾತನ್ನು ನಾನು ಒತ್ತಿ ಹೇಳಬೇಕು, ಏಕೆಂದರೆ ಮುಂದೆ ನೀಲಾಂಬಿಕಾ ತನಗೆ ತಾನೇ ಜಾಗ ಸಾಲಲಿಲ್ಲ ಎಂದು ಹೇಳಿಕೊಳ್ಳಲು ನೋಡಿದಳು. ಜಾಗ ಸಾಲುತ್ತಿತ್ತು.

ಅವಳು ಪರದೆಯನ್ನು ನೋಡುತ್ತ ಕೂತಳು. ಪಡಸಾಲೆಯಲ್ಲಿ ಅತಿಥಿಯಂತೆ ಕೂತಿದ್ದ ಗಂಡನ ಮುಖದಲ್ಲಿ ಈ ಇಪ್ಪತ್ತು ದಿನ ಅವಳು ಒಂದು ಬದಲಾವಣೆ ಕಂಡಿದ್ದಳು. ಹುಬ್ಬಿನ ನಡುವಿನ ಗಂಟು ಬಿಚ್ಚಿತ್ತು. ಒಂಬತ್ತು ವರ್ಷ ಅದನ್ನು ಬಿಚ್ಚಿಸಲು ಅವಳು ಪಟ್ಟ ಪಾಡು ಅಷ್ಟಿಷ್ಟಲ್ಲ. ಈಗ ತನ್ನ ಕೈಯಾರೆ, ಘಟಕ ಐದು ಎಂದು ಸಂಖ್ಯೆ ಹಾಕಿ, ವಿಜಯಪುರದ ಬಸ್ಸನ್ನು ಮತ್ತೆ ಅವನ ತಲೆಯೊಳಗೆ ಓಡಿಸಬೇಕು. ಫಲಿತಾಂಶದ ಚೌಕದಲ್ಲಿ ಅವಳೇ ಬರೆದಿದ್ದಳು: 'ವಿದ್ಯಾರ್ಥಿಯು ತಾನು ತಡವಾಗಿ ಬಂದುದನ್ನು ನೆನೆಯುವನು.' ಯಾವ ಹೆಂಡತಿ ಅದನ್ನು ಕಲಿಸಿಯಾಳು? ಒಬ್ಬರಾದರೂ ಹಗುರಾಗಲಿ ಎಂದು ಅವಳ ಮನಸ್ಸು ಹೇಳಿತು. ನೆನಪಿಟ್ಟುಕೊಳ್ಳಲು ತಾನೊಬ್ಬಳು ಸಾಕು.

ಘಟಕವನ್ನು ಅಳಿಸಿದಳು.

"ಇದು ಬ್ಯಾಡೇನ್ರಿ?" ಎಂದಳು ನಸೀಮಾ. ಅವಳ ಧ್ವನಿ ಬಹಳ ಸಣ್ಣದಾಗಿತ್ತು. "ನಾಳೆ ಆದಮ್ಯಾಲೆ ಕೇಳಿದ್ರ ಹಾಕಾಕ ಬರಂಗಿಲ್ಲರಿ."

"ಗೊತ್ತೈತಿ. ಭಾಳ ಕಠಿಣ ಘಟಕ ಅದು. ತಗದು ಬಿಡು."

ಆ ಐದು ತಾಸಿಗೆ ಅಣ್ಣಿಗೇರಿಯ ಗಿಡವನ್ನೂ, ಮದುವೆಯನ್ನೂ ಹಿಗ್ಗಿಸಿ ತುಂಬಿದಳು. ಒಂದು ತೂತು ಮಾತ್ರ ಉಳಿದಿತ್ತು: ಅವನು ನೌಕರಿ ಬಿಟ್ಟದ್ದು ಯಾಕೆ? 'ಮೊಣಕಾಲು ನೋವಿನ ಕಾರಣ' ಎಂದು ಬರೆದಳು. ಯಂತ್ರಕ್ಕೆ ಆ ನೋವಿನ ನೆನಪೂ ಬೇಕಾಯಿತು. ಟೊಪ್ಪಿಗೆಯ ಕೆಳಗೆ ಕೂತು ನೀಲಾಂಬಿಕಾ ತನ್ನ ಎಡ ಮೊಣಕಾಲಿನ ನೋವನ್ನೇ ಕೊಟ್ಟಳು.

ಇಪ್ಪತ್ತೊಂದನೆಯ ದಿನ ಬೆಳಗ್ಗೆ ಆರಕ್ಕೆ ಗುರುಸಿದ್ದಪ್ಪನನ್ನು ಕುರ್ಚಿಗೆ ಒರಗಿಸಿದರು. ಸಂಜೆ ಐದಕ್ಕೆ ಅವನು ಕಣ್ಣು ತೆರೆದ. ಎದುರಿಗೆ ನಿಂತವಳನ್ನು ನೋಡಿದ, ನೋಡುತ್ತಲೇ ಇದ್ದ. ನಸೀಮಾ ಉಸಿರು ಬಿಗಿಹಿಡಿದು ಗೋಡೆಗೆ ಒರಗಿದ್ದಳು.

"ನೀಲಾ" ಎಂದ ಅವನು. "ಯಾಕ ಹಿಂಗ ಸೊರಗೀದಿ? ಬಾ, ಮನಿಗೆ ಹೋಗೂಣು."

ನೀಲಾಂಬಿಕಾ ಅವನ ಎದೆಗೆ ಹಣೆ ಹಚ್ಚಿ ನಿಂತುಬಿಟ್ಟಳು. ತಾನು ಗೆದ್ದೆ ಎಂದುಕೊಂಡಳು.

ಒಂದು ತಿಂಗಳು ಹಾಗೆಯೇ ಅನ್ನಿಸಿತು. ಅವನು ಸ್ನಾನ ಮಾಡುತ್ತ ಹಾಡಿಕೊಂಡ. ಒಂಬತ್ತು ವರ್ಷಗಳ ಮೇಲೆ ಬಸ್ಸು ಹತ್ತಿ ಪೇಟೆಗೆ ಹೋಗಿ ಬಂದು, ಹೊಸ ನಿರ್ವಾಹಕರಿಗೆ ಸೀಟಿ ಊದಲು ಬರುವುದಿಲ್ಲವೆಂದು ದೂರಿದ. ಮಗ್ಗುಲಲ್ಲಿ ಮಲಗಿ ಗೊರಕೆ ಹೊಡೆದ. ಕೆಲವು ಸಲ ಮಾತ್ರ ಅವಳು ಬೆಚ್ಚುತ್ತಿದ್ದಳು. ಎದ್ದು ಕೂರುವಾಗ ಅವನು ಎಡ ಮೊಣಕಾಲನ್ನು ಅವಳ ಹಾಗೆಯೇ ಎರಡು ಕೈಯಿಂದ ಒತ್ತಿಕೊಳ್ಳುತ್ತಿದ್ದ. "ಮದವಿ ದಿನಾ ನನ್ನ ರುಮಾಲು ವಾರಿ ಆಗಿತ್ತು, ಅಲ್ಲ?" ಎಂದು ಒಂದು ದಿನ ನಕ್ಕ. ತನ್ನದೇ ತಲೆಯ ಮೇಲೆ ಓರೆಯಾಗಿದ್ದ ರುಮಾಲು ತನ್ನ ಕಣ್ಣಿಗೆ ಹೇಗೆ ಕಂಡಿತೆಂಬ ಯೋಚನೆ ಅವನಿಗೆ ಬರಲಿಲ್ಲ. ಆದರೆ ಅವನು ನಗುತ್ತಿದ್ದ. ನಂದಾಳ ಫೋಟೋ, ಪಾಟಿ, ಅಂಗಿಗಳನ್ನೆಲ್ಲ ಅವಳು ವಿಭಾಗದ ಕಪಾಟಿನಲ್ಲಿ ಒಣಗಿಸಿದ ಗಿಡಗಳ ಹಾಳೆಗಳ ಹಿಂದೆ ಇಟ್ಟು ಬೀಗ ಹಾಕಿದ್ದಳು. ಕೆಲಸದ ನಡುವಿನ ಬಿಡುವಿನಲ್ಲಿ ಹೋಗಿ ತೆಗೆದು ನೋಡುತ್ತಿದ್ದಳು, ಕಳ್ಳತನ ಮಾಡಿದವಳಂತೆ ಮತ್ತೆ ಮುಚ್ಚಿಡುತ್ತಿದ್ದಳು. ದುಃಖವನ್ನು ಒಬ್ಬಳೇ ಹೊರುತ್ತೇನೆ ಅಂದುಕೊಂಡಿದ್ದಳಲ್ಲ, ಅದು ಇಷ್ಟು ಭಾರವೆಂದು ಅವಳಿಗೆ ತಿಳಿದಿರಲಿಲ್ಲ. ಒಂಬತ್ತು ವರ್ಷ ಅವನು ಬಾಯಿಬಿಡದೆ ಎಷ್ಟು ಹೊತ್ತಿದ್ದನೆಂಬುದು ಈಗ ಲೆಕ್ಕಕ್ಕೆ ಸಿಕ್ಕಿತು.

ವರ್ಷಕ್ಕೊಮ್ಮೆ ಮಗಳ ಸಮಾಧಿಗೆ ಹೋಗುವ ಆ ದಿನ ಬಂತು. ಬೆಳಗ್ಗೆ ಅವಳು ಸೇವಂತಿಗೆ ತಂದು ಬುಟ್ಟಿಯಲ್ಲಿಟ್ಟು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಾಗ ಗುರುಸಿದ್ದಪ್ಪ ಪೇಪರಿನಿಂದ ತಲೆ ಎತ್ತಿದ.

"ಎಲ್ಲಿಗೆ ಹೊಂಟಿ? ರವಿವಾರ ಅಲ್ಲ ಇವತ್ತು?"

ಗುಡಿಗೆ ಎಂದು ಹೇಳಬಹುದಿತ್ತು. "ಬರ್ರಿ ನೀವೂ" ಎಂದುಬಿಟ್ಟಳು.

ಊರ ಹೊರಗಿನ ರುದ್ರಭೂಮಿಯಲ್ಲಿ ಜಾಲಿ ಗಿಡಗಳ ಸಾಲಿನ ಕೊನೆಗೆ ಸಣ್ಣದೊಂದು ಸಮಾಧಿಯಿತ್ತು. ನೀಲಾಂಬಿಕಾ ಕಸ ಗುಡಿಸಿ, ನೀರು ಚಿಮುಕಿಸಿ, ಹೂವಿಟ್ಟಳು. ಗುರುಸಿದ್ದಪ್ಪ ಚಪ್ಪಲಿ ದೂರ ಬಿಟ್ಟು, ಕೈಮುಗಿದು, ಬಗ್ಗಿ ಕಲ್ಲಿನ ಮೇಲಿನ ಅಕ್ಷರ ಓದಿದ. ಹುಡುಗಿಯ ಹೆಸರು ಓದಿದ. ಹುಟ್ಟಿದ ದಿನ, ಹೋದ ದಿನ ಓದಿದ. ಅದರ ಕೆಳಗೆ ತಂದೆ ತಾಯಿಯ ಹೆಸರು ಓದಿದ. ಮತ್ತೊಮ್ಮೆ ಓದಿದ.

ಅವಳು ಹೇಳತೊಡಗಿದಳು. ನಿಲ್ಲಿಸಲು ಆಗಲಿಲ್ಲ. ಹುಟ್ಟಿದ್ದು, ನಡೆದದ್ದು, ಅಪ್ಪನ ಸೀಟಿ ಕಸಿದುಕೊಂಡು ಇಡೀ ಓಣಿಯನ್ನು ಎಬ್ಬಿಸಿದ್ದು, ಜ್ವರ, ಆಸ್ಪತ್ರೆಯ ಹಾಸಿಗೆ, ವಿಜಯಪುರದ ಬಸ್ಸು, ಎಲ್ಲ. ಏನನ್ನೂ ಕಡಿಯದೆ, ತಾಸು ನೋಡದೆ ಹೇಳಿದಳು. ಅವನು ಬೈದರೆ ಬೈಯಲಿ, ಎದೆ ಬಡಿದುಕೊಂಡರೆ ಬಡಿದುಕೊಳ್ಳಲಿ, ಪಕ್ಕದಲ್ಲಿ ಕೂತು ಅಳುವ ಇನ್ನೊಂದು ಜೀವ ಸಿಕ್ಕರೆ ಸಾಕಾಗಿತ್ತು ಅವಳಿಗೆ. ಹೇಳಿ ಮುಗಿಸಿ ಅವನ ಮುಖ ನೋಡಿದಳು. ಹುಬ್ಬಿನ ನಡುವೆ ಗಂಟು ಬಿದ್ದಿರಲಿಲ್ಲ.

ಗುರುಸಿದ್ದಪ್ಪ ಅವಳ ಭುಜದ ಮೇಲೆ ಕೈಯಿಟ್ಟ. ಅವನು ಒಳ್ಳೆಯ ಮನುಷ್ಯ, ಯಾರ ಮನೆಯ ಸಾವು ಕೇಳಿದರೂ ಮರುಗುತ್ತಿದ್ದವನು.

"ಪಾಪ" ಎಂದ. "ಏಳ ವರ್ಷದ ಕೂಸು. ನಿನಗ ಭಾಳ ತ್ರಾಸ ಆಗಿರಬೇಕು, ನೀಲಾ."